ತೊಟ್ಟಿಯ ಗೋಡೆಯ ಮೇಲಿನ ಜಗಳ: ಗಂಡು ಮರಗಪ್ಪೆಗಳ ಕೂಗು ಯಾರಿಗೆ, ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆ. ಬಚ್ಚಲುಮನೆಯ ಹಿಂದೆ ಎದೆಯೆತ್ತರದ ಒಂದು ಸಿಮೆಂಟಿನ ತೊಟ್ಟಿಯಿದೆ. ಮಳೆ ಹಿಡಿದಂದಿನಿಂದ ದಿನವೂ ಕತ್ತಲಾಗುತ್ತಲೇ ಅದರ ಒಳಗೋಡೆಯ ಮೇಲೆ ಮೂರು ನಾಲ್ಕು ಕಂದು ಬಣ್ಣದ ಮರಗಪ್ಪೆಗಳು ಬಂದು ಕೂರುತ್ತವೆ. ಮಧ್ಯರಾತ್ರಿ ದಾಟುವವರೆಗೂ ‘ಟಕ್, ಟಕ್, ಟಕ್’ ಎಂಬ ಸದ್ದು. ಮಲಗುವ ಕೋಣೆ ಪಕ್ಕದಲ್ಲೇ ಇರುವುದರಿಂದ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಕಳೆದ ವಾರ ಒಂದು ಕಪ್ಪೆ ಇನ್ನೊಂದರ ಹತ್ತಿರ ಸರಿಯುತ್ತಿದ್ದಂತೆ ಕೂಗಿನ ರೀತಿಯೇ ಬದಲಾಗಿ ಗಿಲಕಿ ಅಲ್ಲಾಡಿಸಿದಂತೆ ಕರಕರ ಸದ್ದು ಬಂತು. ಆಮೇಲೆ ಎರಡೂ ತಬ್ಬಿಕೊಂಡು ಒದ್ದಾಡಿ, ಒಂದು ನೀರಿಗೆ ಬಿತ್ತು. ಅಷ್ಟು ಹೊತ್ತೂ ಮೂರನೆಯದೊಂದು ಕೆಳಗೆ ಸದ್ದಿಲ್ಲದೆ ಕುಳಿತಿತ್ತು. ಹತ್ತು ವರ್ಷದ ಮಗ ಆ ಕೂಗನ್ನು ಮೊಬೈಲಿನಲ್ಲಿ ಹಿಡಿದು ಮಾರನೆಯ ರಾತ್ರಿ ಅಲ್ಲಿಯೇ ಹಾಕಿದಾಗ ಒಂದು ಕಪ್ಪೆ ನೇರವಾಗಿ ಮೊಬೈಲಿನ ಮೇಲೆ ಹಾರಿತು. ಕಪ್ಪೆ ಮಳೆ ಕರೆಯುತ್ತದೆ, ಓಡಿಸಿದರೆ ಮಳೆ ಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಈ ಸದ್ದಿಗೆ ಹಾವು ಬರುತ್ತದೆ, ಉಪ್ಪು ಎರಚಿ ಅಥವಾ ಫಿನಾಯಿಲ್ ಸುರಿಯಿರಿ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಈಗ ಗೋಡೆಯಲ್ಲಿ ಸೋಪಿನ ನೊರೆಯಂಥದ್ದೊಂದು ಮುದ್ದೆ ಅಂಟಿಕೊಂಡಿದೆ. ಇವು ಒಂದನ್ನೊಂದು ಕೊಂದುಕೊಳ್ಳುತ್ತವೆಯೇ? ಬಿಡಿಸಬೇಕೇ? ಹಿಡಿದು ದೂರ ಬಿಟ್ಟು ಬರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ನಿಮ್ಮ ನಿದ್ದೆ ಕೆಡುತ್ತಿದೆ ಎಂಬುದು ಒಂದು, ಆ ಪ್ರಾಣಿಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತವೇನೋ ಎಂಬುದು ಇನ್ನೊಂದು. ಎರಡಕ್ಕೂ ಮೂಲ ಒಂದೇ ಆಗಿರುವುದರಿಂದ ಒಟ್ಟಿಗೇ ಉತ್ತರಿಸುತ್ತೇನೆ. ನಿಮ್ಮನ್ನು ಎಚ್ಚರವಾಗಿಡುವ ಆ ‘ಟಕ್ ಟಕ್’ ಸದ್ದೇ ಅವುಗಳ ನಡುವಿನ ಹೊಡೆದಾಟವನ್ನು ಅಪರೂಪವಾಗಿಸಿರುವುದು. ಕೂಗಿನಿಂದ ಬಗೆಹರಿಯದೆ ಉಳಿದ ತಕರಾರು ಮಾತ್ರ ಕೈಕಾಲಿಗೆ ಬರುತ್ತದೆ. ನೀವು ಕಂಡದ್ದು ಅಂಥದೊಂದು ಗಳಿಗೆ.

ಕಂದು ಮೈ, ಸಿಮೆಂಟ್ ಗೋಡೆಯ ಮೇಲೆ ಕೂರುವ ಅಭ್ಯಾಸ, ‘ಟಕ್ ಟಕ್’ ದನಿ, ನೊರೆಯ ಮುದ್ದೆ, ಈ ನಾಲ್ಕನ್ನೂ ಕೂಡಿಸಿ ನೋಡಿದರೆ ನಿಮ್ಮ ಅತಿಥಿಗಳು ಬಹುಮಟ್ಟಿಗೆ ನಮ್ಮ ಸಾಮಾನ್ಯ ಮರಗಪ್ಪೆಗಳು. ವಿಜ್ಞಾನದಲ್ಲಿ ಇದರ ಹೆಸರು ಪಾಲಿಪೀಡೇಟಿಸ್ ಮ್ಯಾಕ್ಯುಲೇಟಸ್. ಪಶ್ಚಿಮ ಘಟ್ಟದಲ್ಲಿ ಇದರ ಹತ್ತಿರದ ಬಂಧುಗಳೂ ಇರುವುದರಿಂದ ಫೋಟೋ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಮುಂದಿನ ಮಾತುಗಳಿಗೆ ಅದರಿಂದ ಬಾಧಕವಿಲ್ಲ. ಬಚ್ಚಲಿನ ಗೋಡೆ, ಹಂಡೆಯ ಹಿಂಬದಿ, ಬಾಗಿಲಿನ ಸಂದು, ಹೀಗೆ ಮನುಷ್ಯರ ಜೊತೆ ಬದುಕಲು ಕಲಿತ ಕಪ್ಪೆ ಇದು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದನ್ನು ‘ಚುನಾಮ್ ಕಪ್ಪೆ’, ಎಂದರೆ ಸುಣ್ಣದ ಕಪ್ಪೆ ಎಂದು ಕರೆದಿದ್ದಾರೆ. ಗಂಡು ಎರಡು ಇಂಚಿನ ಆಸುಪಾಸು, ಹೆಣ್ಣು ಅದಕ್ಕಿಂತ ಸಾಕಷ್ಟು ದೊಡ್ಡದು. ಇದೇ ಹೊತ್ತಿನಲ್ಲಿ ಬೇಲಿಯ ಪೊದೆಗಳಿಂದ ಇನ್ನೂ ಸಣ್ಣ, ತೀಕ್ಷ್ಣವಾದ ದನಿಗಳು ನಿಮಗೆ ಕೇಳುತ್ತಿರಬಹುದು. ಅವು ಪೊದೆಗಪ್ಪೆಗಳು, ಅವುಗಳ ಕುಲಕ್ಕೆ ರಾವ್‌ಆರ್ಕೆಸ್ಟಿಸ್ ಎಂಬ ಹೆಸರು ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ. ಆರ್. ನಾರಾಯಣ ರಾವ್ ಅವರ ನೆನಪಿಗಾಗಿ, 2010ರಲ್ಲಿ. ಪೊದೆಗಪ್ಪೆಗಳಿಗೆ ನಿಮ್ಮ ತೊಟ್ಟಿ ಬೇಕಾಗಿಲ್ಲ; ಅವುಗಳ ಮೊಟ್ಟೆಯಿಂದ ಗೊದಮೊಟ್ಟೆಯ ಹಂತವಿಲ್ಲದೆ ನೇರವಾಗಿ ಪುಟ್ಟ ಕಪ್ಪೆಮರಿಯೇ ಹೊರಬರುತ್ತದೆ.

ಮೊದಲು ಮಳೆಯ ಮಾತು. ಕಪ್ಪೆಗೂ ಮಳೆಗೂ ನಂಟಿದೆ ಎಂಬ ನಿಮ್ಮ ಅತ್ತೆಯವರ ಅನುಭವ ಸುಳ್ಳಲ್ಲ, ಯಾವುದರಿಂದ ಯಾವುದು ಎಂಬುದಷ್ಟೇ ತಿರುವುಮುರುವಾಗಿದೆ. ಕಪ್ಪೆಯ ಚರ್ಮ ತೆಳು; ಒಣಹವೆಯಲ್ಲಿ ಗಂಟೆಗಟ್ಟಲೆ ಬಯಲಲ್ಲಿ ಕುಳಿತು ಕೂಗಿದರೆ ಮೈಯ ನೀರೇ ಆರಿಹೋಗುತ್ತದೆ. ಆದ್ದರಿಂದ ಗಾಳಿಯಲ್ಲಿ ತೇವ ಏರಿದಾಗ, ಮೊದಲ ಹನಿಗಳು ಬಿದ್ದಾಗ ಅವು ಕೂಗಲು ಮುಂದಾಗುತ್ತವೆ. ಆ ತೇವವೇ ಇನ್ನಷ್ಟು ಮಳೆಯ ಸೂಚನೆಯೂ ಆಗಿರುವುದರಿಂದ ಕೂಗಿನ ಹಿಂದೆಯೇ ಮಳೆ ಬಂದಂತೆ ಕಾಣುತ್ತದೆ. ಬಯಲುಸೀಮೆಯಲ್ಲಿ ಮಳೆ ತಡವಾದ ವರ್ಷ ಕಪ್ಪೆಗಳಿಗೆ ಮದುವೆ ಮಾಡುವ ಊರುಗಳು ಇಂದಿಗೂ ಇವೆ, ಅಲ್ಲಿ ಈ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ತೀರ್ಥಹಳ್ಳಿಯಲ್ಲಿ ಜೂನ್ ತಿಂಗಳಲ್ಲಿ ಯಾರು ಮಳೆಯ ಭವಿಷ್ಯ ನುಡಿದರೂ ಅದು ನಿಜವಾಗದೆ ಇರುವುದಿಲ್ಲ. ಆದರೂ, ಕಪ್ಪೆಗಳನ್ನು ಓಡಿಸಬೇಡಿ ಎಂಬ ಅವರ ತೀರ್ಮಾನಕ್ಕೆ ನನ್ನದೂ ಒಪ್ಪಿಗೆಯಿದೆ. ಕಾರಣ ಮಾತ್ರ ಬೇರೆ.

ಹಾವಿನ ವಿಷಯದಲ್ಲಿ ಪಕ್ಕದ ತೋಟದವರ ಮಾತು ಅರ್ಧ ಸರಿ. ಕಪ್ಪೆಗಳಿರುವ ಕಡೆ ಅವನ್ನು ತಿನ್ನುವ ನೀರುಹಾವು, ಹಸಿರು ಹಾವು ಅಥವಾ ಗುಳಿಮಂಡಲ ಸುಳಿಯುವುದು ಸಹಜ. ಆದರೆ ಹಾವಿಗೆ ಕೇಳಿಸುವುದು ಮುಖ್ಯವಾಗಿ ನೆಲದ ಕಂಪನ ಮತ್ತು ತಗ್ಗಿನ ದನಿಗಳು. ಬೇಟೆಯನ್ನು ಅದು ಹುಡುಕುವುದು ವಾಸನೆಯಿಂದ, ಚಲನೆಯಿಂದ, ಗುಳಿಮಂಡಲವಾದರೆ ಮೈಯ ಶಾಖದ ವ್ಯತ್ಯಾಸದಿಂದಲೂ. ಕಪ್ಪೆ ಬಾಯಿ ಮುಚ್ಚಿಕೊಂಡರೂ ಹಾವು ಬರಬಹುದು. ನಿಮ್ಮ ಸುರಕ್ಷತೆಗೆ ಬೇಕಾದದ್ದು ತೊಟ್ಟಿಯ ಸುತ್ತಲಿನ ಸೋಗೆ, ಹಾಳೆ, ಕಟ್ಟಿಗೆಯ ರಾಶಿಯನ್ನು ತೆಗೆದಿಡುವುದು ಮತ್ತು ರಾತ್ರಿ ಆ ಕಡೆ ಹೋಗುವಾಗ ಕೈಯಲ್ಲಿ ಟಾರ್ಚ್, ಕಾಲಲ್ಲಿ ಬೂಟು ಇರುವುದು. ಕೂಗಿಗೆ ಕಿವಿಗೊಟ್ಟು ಬರುವ ಬೇಟೆಗಾರರು ಇಲ್ಲವೆಂದಲ್ಲ. ಮಧ್ಯ ಅಮೆರಿಕದ ಒಂದು ಬಾವಲಿ ಕೆರೆಯಂಚಿನ ಕಪ್ಪೆಗಳ ಕೂಗನ್ನೇ ಹಿಡಿದು ಬಂದು ಎರಗುತ್ತದೆ ಎಂಬುದು 1980ರ ದಶಕದ ಆರಂಭದಲ್ಲೇ ದೃಢಪಟ್ಟಿತ್ತು. ಅಷ್ಟು ಅಪಾಯವಿದ್ದರೂ ಗಂಡು ಕಪ್ಪೆ ಕೂಗುತ್ತದೆ ಎಂದರೆ ಅದರಿಂದ ಸಿಗುವ ಪ್ರತಿಫಲ ಎಷ್ಟಿರಬೇಕು ಎಂದು ಊಹಿಸಬಹುದು.

ಎರಡಿಂಚಿನ ಪ್ರಾಣಿಗೆ ಅಷ್ಟು ದನಿ ಎಲ್ಲಿಂದ ಬರುತ್ತದೆ ಎಂಬ ಬೆರಗು ನಿಮ್ಮ ಪತ್ರದ ಸಾಲುಗಳ ನಡುವೆ ಇದ್ದಂತಿದೆ. ಕಪ್ಪೆ ಬಾಯಿ ಮುಚ್ಚಿಕೊಂಡೇ ಕೂಗುತ್ತದೆ. ಮೂಗಿನ ಹೊಳ್ಳೆಗಳನ್ನೂ ಮುಚ್ಚಿ, ಪಕ್ಕೆಯ ಸ್ನಾಯುಗಳನ್ನು ಹಿಂಡಿ, ಶ್ವಾಸಕೋಶದ ಗಾಳಿಯನ್ನು ಧ್ವನಿಪೆಟ್ಟಿಗೆಯ ಮೂಲಕ ಗಂಟಲ ಕೆಳಗಿನ ಚೀಲಕ್ಕೆ ದಬ್ಬುತ್ತದೆ. ಉಬ್ಬಿದ ಆ ಚೀಲ ದನಿಯನ್ನು ಸುತ್ತಲೂ ಹರಡುವುದಲ್ಲದೆ, ಕುಲುಮೆಯ ತಿದಿಯಂತೆ ಅದೇ ಗಾಳಿಯನ್ನು ಮತ್ತೆ ಶ್ವಾಸಕೋಶಕ್ಕೆ ಮರಳಿಸುತ್ತದೆ. ಈ ಚೀಲ ಇರುವುದು ಗಂಡಿಗೆ ಮಾತ್ರ. ಉತ್ತರ ಅಮೆರಿಕದ ಬೂದು ಮರಗಪ್ಪೆಯನ್ನು 1980ರ ದಶಕದಲ್ಲಿ ಅಳೆದು ನೋಡಿದಾಗ ಗಂಡಿನ ಪಕ್ಕೆಯ ಸ್ನಾಯುಗಳೇ ಅದರ ಮೈತೂಕದ ಸುಮಾರು 15 ಪ್ರತಿಶತದಷ್ಟಿದ್ದವು, ಹೆಣ್ಣಿನಲ್ಲಿ ಅವು ತೀರ ತೆಳ್ಳಗಿದ್ದವು. ಆ ಗಂಡು ಒಂದು ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಕೂಗಬಲ್ಲದು, ಮತ್ತು ಹಾಗೆ ಕೂಗುವಾಗ ಅದು ಬಳಸುವ ಆಮ್ಲಜನಕ, ಬೆನ್ನಟ್ಟಿ ಓಡಾಡಿಸಿದಾಗ ಬಳಸುವುದಕ್ಕಿಂತ ಹೆಚ್ಚು. ಇಷ್ಟು ದುಡಿಮೆಯ ನಡುವೆ ಹುಳ ಹಿಡಿದು ತಿನ್ನಲು ಬಿಡುವಿಲ್ಲ. ಹಾಗಾಗಿ ಕೆಲವು ರಾತ್ರಿ ಕೂಗಿ ಬಳಲಿದ ಗಂಡು ಒಂದೆರಡು ದಿನ ಕಾಣೆಯಾಗಿ, ಹೊಟ್ಟೆ ತುಂಬಿಸಿಕೊಂಡು ಮತ್ತೆ ಬರುವುದುಂಟು. ನೀವು ‘ಅದೇ ಕಪ್ಪೆ’ ಎಂದುಕೊಂಡು ದಿನವೂ ಶಪಿಸುತ್ತಿರುವುದು ಬಹುಶಃ ಬೇರೆ ಬೇರೆ ಕಪ್ಪೆಗಳನ್ನು.

ಈ ಕೂಗಿಗೆ ಕೇಳುಗರು ಇಬ್ಬರು. ಹೆಣ್ಣಿಗೆ ಅದು ಆಹ್ವಾನ: ನಾನು ಇಂಥ ಜಾತಿಯವನು, ಇಲ್ಲಿದ್ದೇನೆ, ಇಷ್ಟು ಹೊತ್ತು ಕೂಗಬಲ್ಲಷ್ಟು ಗಟ್ಟಿಯಾಗಿದ್ದೇನೆ. ಇನ್ನೊಂದು ಗಂಡಿಗೆ ಅದೇ ಕೂಗು ಗಡಿಕಲ್ಲು. ಇವೆರಡೂ ಒಂದೇ ದನಿಯಲ್ಲಿ ಹೇಗೆ ಅಡಗಿರುತ್ತವೆ ಎಂಬುದಕ್ಕೆ ಪೋರ್ಟೊರಿಕೊ ದ್ವೀಪದ ಕೋಕಿ ಕಪ್ಪೆಯಷ್ಟು ಒಳ್ಳೆಯ ನಿದರ್ಶನ ಬೇರೆ ಇಲ್ಲ. ಅದರ ಕೂಗಿನಲ್ಲಿ ‘ಕೋ’, ‘ಕೀ’ ಎಂಬ ಎರಡು ಸ್ವರಗಳಿವೆ. 1976ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಎರಡನ್ನೂ ಬೇರ್ಪಡಿಸಿ ಕೇಳಿಸಿದಾಗ, ಗಂಡುಗಳು ಉತ್ತರ ಕೊಟ್ಟದ್ದು ‘ಕೋ’ ಸ್ವರಕ್ಕೆ. ಹೆಣ್ಣುಗಳು ಹುಡುಕಿಕೊಂಡು ಹೋದದ್ದು ‘ಕೀ’ ಸ್ವರವನ್ನು. ಎರಡೂ ಲಿಂಗಗಳ ಕಿವಿಗಳು ಬೇರೆ ಬೇರೆ ಸ್ವರಕ್ಕೆ ಹೆಚ್ಚು ಚುರುಕಾಗಿವೆ. ನಮ್ಮ ಮರಗಪ್ಪೆಯಲ್ಲಿ ಇಷ್ಟು ಸ್ಪಷ್ಟವಾದ ವಿಭಾಗವಿಲ್ಲ, ಆದರೆ ಒಂದೇ ಕೂಗಿಗೆ ಎರಡು ವಿಳಾಸವಿರುವುದು ಇಲ್ಲಿಯೂ ನಿಜ.

ಗಡಿಕಲ್ಲು ಎಂದೆ, ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇರುವುದೇ ಇಲ್ಲಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕತ್ತಲಲ್ಲಿ, ಎಲೆಗಳ ಮರೆಯಲ್ಲಿ ಒಂದನ್ನೊಂದು ಕಾಣಲಾಗದ ಕಪ್ಪೆಗಳಿಗೆ ಈ ಇಳಿತವೇ ಅಳತೆಪಟ್ಟಿ. ನೆರೆಯವನ ಕೂಗು ಎಷ್ಟು ಜೋರಾಗಿ ಕೇಳುತ್ತದೆ ಎಂಬುದರಿಂದ ಅವನು ಎಷ್ಟು ಹತ್ತಿರದಲ್ಲಿದ್ದಾನೆ ಎಂದು ತಿಳಿಯುತ್ತದೆ. ಪ್ರತಿ ಗಂಡಿಗೂ ಸಹನೆಯ ಒಂದು ಮಟ್ಟವಿದೆ. ನೆರೆಯ ದನಿ ಆ ಮಟ್ಟಕ್ಕಿಂತ ಕೆಳಗಿರುವವರೆಗೆ ಎರಡೂ ತಮ್ಮ ತಮ್ಮ ‘ಟಕ್ ಟಕ್’ ಮುಂದುವರಿಸುತ್ತವೆ. ಮೀರಿದ ಕ್ಷಣ ಕೂಗು ಬದಲಾಗುತ್ತದೆ. ನೀವು ಗಿಲಕಿಗೆ ಹೋಲಿಸಿದ ಆ ಕರಕರ ಸದ್ದು ಹೀಗೆ ಹುಟ್ಟಿದ್ದು, ಅದನ್ನು ನಾವು ಎದುರಾಳಿ ಕೂಗು ಎನ್ನುತ್ತೇವೆ. ಅದು ಹೆಣ್ಣಿಗಲ್ಲದೆ ಗಂಡಿಗೆ ಮಾತ್ರ ಹೇಳುವ ಮಾತು. ಪನಾಮಾದ ಒಂದು ಪುಟ್ಟ ಹಳದಿ ಮರಗಪ್ಪೆಯಲ್ಲಿ ಎದುರಾಳಿ ಹತ್ತಿರವಾದಷ್ಟೂ ಈ ಬೆದರಿಕೆಯ ಮೊದಲ ಸ್ವರ ಉದ್ದವಾಗುತ್ತ ಹೋಗುತ್ತದೆ. ನಮ್ಮ ಕಡೆ ಜಗಳ ಏರಿದಂತೆ ‘ಏ’ ಎಂಬುದು ‘ಏಏಏ’ ಆಗುವಂತೆ.

ಈ ಮಟ್ಟ ಸ್ಥಿರವೂ ಅಲ್ಲ. ಪೆಸಿಫಿಕ್ ಮರಗಪ್ಪೆ ಎಂಬುದೊಂದಿದೆ. ಹಾಲಿವುಡ್ ಸಿನಿಮಾಗಳಲ್ಲಿ ರಾತ್ರಿಯ ದೃಶ್ಯ ಬಂದಾಗ ಕೇಳುವ ‘ರಿಬಿಟ್’ ಅದರದ್ದೇ. ಅದರ ಮೇಲೆ ನಡೆದ ಅಧ್ಯಯನಗಳಲ್ಲಿ, ನೆರೆಯವನ ದನಿಯನ್ನು ಪದೇ ಪದೇ ಕೇಳಿದ ಗಂಡು ತನ್ನ ಸಹನೆಯ ಮಟ್ಟವನ್ನು ಏರಿಸಿಕೊಂಡು ಬೆದರಿಕೆ ಕಡಿಮೆ ಮಾಡುವುದು ಕಂಡುಬಂದಿದೆ. ತೋಟದ ಬೇಲಿಯ ಜಗಳದಲ್ಲಿ ಹಳೆಯ ನೆರೆಯವರು ಒಂದು ಒಪ್ಪಂದಕ್ಕೆ ಬಂದು, ಹೊಸದಾಗಿ ಜಮೀನು ಕೊಂಡವನ ಜೊತೆ ಮಾತ್ರ ಏಗುವಂತೆ ಎನ್ನಬಹುದು. ಋತುವಿನ ಆರಂಭದ ರಾತ್ರಿಗಳಲ್ಲಿ ಕರಕರ ಸದ್ದು ಹೆಚ್ಚಿದ್ದು ಆಮೇಲೆ ಇಳಿಯುವುದನ್ನು ನಾನೂ ಹಲವು ಬಾರಿ ಗಮನಿಸಿದ್ದೇನೆ. ನಿಮ್ಮ ತೊಟ್ಟಿಯಲ್ಲೂ ಇಷ್ಟರಲ್ಲೇ ಹಾಗಾದೀತು.

ಕೂಗಿನಲ್ಲಿ ಮೈಗಾತ್ರದ ಗುಟ್ಟೂ ಬಯಲಾಗುತ್ತದೆ. ದೊಡ್ಡ ಧ್ವನಿಪೆಟ್ಟಿಗೆಯ ದನಿ ತಗ್ಗಿನದು. ಎದುರಿನ ದನಿ ತನ್ನದಕ್ಕಿಂತ ತಗ್ಗಾಗಿದ್ದರೆ ಸಣ್ಣ ಗಂಡು ಮೈಮುಟ್ಟುವ ಮೊದಲೇ ಸರಿದುಹೋಗುವುದು ಲಾಭ. ಗಾತ್ರದಲ್ಲಿ ಸರಿಸಮ ಇರುವವರ ನಡುವೆಯೇ ತಕರಾರು ಉದ್ದವಾಗುವುದು. ಆಗ ನೂಕುವುದು, ಮೇಲೇರುವುದು, ಹಿಂಗಾಲಿನಿಂದ ಒದೆಯುವುದು, ತಬ್ಬಿ ಕೆಳಕ್ಕೆ ಉರುಳಿಸುವುದು ನಡೆಯುತ್ತದೆ, ಒಂದು ಜಾರಿ ಬಿದ್ದರೆ ಪಂದ್ಯ ಮುಗಿಯಿತು. ನೀವು ನೋಡಿದ್ದು ಇದೇ. ನಮ್ಮ ಮರಗಪ್ಪೆಗಳಿಗೆ ಕೊಲ್ಲುವ ಆಯುಧವಿಲ್ಲ. ಪನಾಮಾ ಕಡೆಯ ಗ್ಲಾಡಿಯೇಟರ್ ಕಪ್ಪೆಗೆ ಹೆಬ್ಬೆರಳ ಬುಡದಲ್ಲಿ ಚೂಪಾದ ಮುಳ್ಳಿದೆ. ಅದರಿಂದ ಅವು ಒಂದರ ಕಣ್ಣು, ಕಿವಿಪೊರೆಗಳನ್ನು ಇನ್ನೊಂದು ಸೀಳುವುದುಂಟು, ಸಾವೂ ಸಂಭವಿಸುತ್ತದೆ. ಅಲ್ಲಿ ಗಂಡು ಕೆಸರಿನಲ್ಲಿ ತಾನೇ ಕಟ್ಟಿದ ಪುಟ್ಟ ಹೊಂಡವನ್ನು ಕಾಯುತ್ತಿರುತ್ತದೆ, ಸೋತರೆ ಅದರೊಳಗಿನ ಮೊಟ್ಟೆಗಳೂ ಹಾಳಾಗಬಹುದು. ನಿಮ್ಮ ಗೋಡೆಯ ಮೇಲೆ ಪಣವಾಗಿರುವುದು ಒಂದು ರಾತ್ರಿಯ ಕೂರುವ ಜಾಗ ಮಾತ್ರ. ಆದ್ದರಿಂದ ಬಿಡಿಸಲು ಹೋಗಬೇಡಿ. ನೀರಿಗೆ ಬಿದ್ದದ್ದು ಈಜಿಕೊಂಡು ಗೋಡೆ ಹತ್ತುತ್ತದೆ. ಅದರ ಬೆರಳ ತುದಿಯ ಅಂಟುಬಿಲ್ಲೆಗಳು ಇರುವುದೇ ಅದಕ್ಕೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಕತ್ತಲಲ್ಲಿ ಗಂಡು ಕಪ್ಪೆ ಆತುರಕ್ಕೆ ಬಿದ್ದು ಇನ್ನೊಂದು ಗಂಡನ್ನೇ ಹೆಣ್ಣೆಂದು ತಬ್ಬುವುದುಂಟು. ಆಗ ತಬ್ಬಿಸಿಕೊಂಡದ್ದು ಮೈ ಕಂಪಿಸುತ್ತ ತುಂಡುತುಂಡಾದ ಒಂದು ಸದ್ದು ಹೊರಡಿಸುತ್ತದೆ, ಅದರರ್ಥ ‘ಬಿಡು, ನಾನು ಗಂಡು’. ಕರಕರ ಸದ್ದು ತಬ್ಬಿದ ಮೇಲೆ ಬಂದಿದ್ದರೆ ನಾನು ಇದನ್ನೇ ಶಂಕಿಸುತ್ತಿದ್ದೆ. ನೀವು ಬರೆದಿರುವಂತೆ ಮೊದಲು ಸದ್ದು, ಆಮೇಲೆ ಹಿಡಿತ. ಹಾಗಾಗಿ ಅದು ಬೆದರಿಕೆಯೇ.

ಕೆಳಗೆ ಸುಮ್ಮನೆ ಕುಳಿತಿದ್ದ ಮೂರನೆಯದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿವರ. ಅದು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಹೆಣ್ಣು. ಅದೇ ಗಾತ್ರದ್ದು ಅಥವಾ ಸಣ್ಣದಾಗಿದ್ದರೆ, ಕೂಗುವ ಶ್ರಮವನ್ನು ಇನ್ನೊಬ್ಬನಿಗೆ ಬಿಟ್ಟು, ಆ ಕೂಗಿಗೆ ಬರುವ ಹೆಣ್ಣನ್ನು ದಾರಿಯಲ್ಲೇ ಹಿಡಿಯಲು ಹೊಂಚುತ್ತಿರುವ ಗಂಡು. ಅಮೆರಿಕದ ಹಸಿರು ಮರಗಪ್ಪೆಯಲ್ಲಿ 1978ರಲ್ಲೇ ಈ ನಡವಳಿಕೆಯನ್ನು ವಿವರವಾಗಿ ದಾಖಲಿಸಲಾಗಿದೆ. ಅಲ್ಲಿ ಕೂಗುತ್ತಿದ್ದ ಗಂಡನ್ನು ಅಲ್ಲಿಂದ ತೆಗೆದಾಗ, ಮೌನವಾಗಿದ್ದ ಗಂಡುಗಳಲ್ಲಿ ಹಲವು ತಾವೇ ಕೂಗಲು ಶುರುಮಾಡಿದವು. ಈ ಅಂಶವನ್ನು ನೆನಪಿಡಿ, ಹಿಡಿದು ದೂರ ಬಿಡುವ ನಿಮ್ಮ ಯೋಚನೆಗೆ ಇದರಲ್ಲೇ ಉತ್ತರವಿದೆ.

ಕೂಗುಗಳು ಒಂದರ ಮೇಲೊಂದು ಬೀಳದೆ, ಒಂದು ನಿಲ್ಲಿಸಿದಾಗ ಇನ್ನೊಂದು ಶುರುಮಾಡುವಂತೆ ನಿಮಗೆ ಅನ್ನಿಸಿರಬಹುದು. ಇದೂ ಪೈಪೋಟಿಯ ಭಾಗವೇ. ಹಲವು ಜಾತಿಗಳಲ್ಲಿ, ಎರಡು ಕೂಗುಗಳು ಬೆನ್ನುಬೆನ್ನಿಗೆ ಬಂದಾಗ ಹೆಣ್ಣು ಮೊದಲು ಬಂದದ್ದರ ಕಡೆ ವಾಲುತ್ತದೆ. ಇನ್ನೊಬ್ಬನ ಕೂಗಿನಡಿ ಮುಚ್ಚಿಹೋದದ್ದಕ್ಕೆ ಬೆಲೆಯಿಲ್ಲ. ಆದ್ದರಿಂದ ಪ್ರತಿಯೊಂದೂ ತನ್ನ ಸರದಿಯನ್ನು ಖಾಲಿ ಜಾಗಕ್ಕೆ ತಳ್ಳುತ್ತದೆ. ಜಪಾನಿನ ಗದ್ದೆಗಳ ಮರಗಪ್ಪೆಗಳಲ್ಲಿ ಅಕ್ಕಪಕ್ಕದ ಎರಡು ಗಂಡುಗಳು ಗಡಿಯಾರದ ಲೋಲಕದಂತೆ ಅತ್ತ ಒಮ್ಮೆ ಇತ್ತ ಒಮ್ಮೆ ಕೂಗುವುದನ್ನು ಗಣಿತದ ಸೂತ್ರಗಳಿಂದಲೇ ವಿವರಿಸಿದ್ದಾರೆ. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿ, ಗುರು ಹೇಳಿಕೊಟ್ಟದ್ದನ್ನು ಶಿಷ್ಯ ಹೇಳುವಂತೆ ಒಂದು ಕಪ್ಪೆಯ ಮಾತನ್ನು ಇನ್ನೊಂದು ಹೇಳುತ್ತದೆ ಎಂಬ ಹೋಲಿಕೆಯಿದೆ. ಸರದಿಯನ್ನು ಗುರುತಿಸಿದ ಆ ಕಿವಿ ಬಹಳ ಸೂಕ್ಷ್ಮವಾದದ್ದು, ಆದರೆ ಶಿಷ್ಯನಿಗಿರುವ ವಿನಯವನ್ನು ನಾನು ಮಾತ್ರ ಯಾವ ಕಪ್ಪೆಯಲ್ಲೂ ಕಂಡಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕೂಗುವವನನ್ನು ಆರಿಸುವುದರಿಂದ ಹೆಣ್ಣಿಗೇನು ಲಾಭ? ಅದೇ ಬೂದು ಮರಗಪ್ಪೆಯಲ್ಲಿ ಇದನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಲಾಯಿತು. ಒಂದೇ ಹೆಣ್ಣಿನ ಮೊಟ್ಟೆಗಳನ್ನು ಪಾಲು ಮಾಡಿ, ಒಂದು ಪಾಲಿಗೆ ಉದ್ದ ಕೂಗಿನ ಗಂಡಿನ ವೀರ್ಯವನ್ನೂ ಇನ್ನೊಂದಕ್ಕೆ ಗಿಡ್ಡ ಕೂಗಿನ ಗಂಡಿನದನ್ನೂ ಬೆರೆಸಿ ಬೆಳೆಸಿದಾಗ, ಒಟ್ಟಾರೆಯಾಗಿ ಉದ್ದ ಕೂಗಿನ ತಂದೆಯ ಮರಿಗಳೇ ಚೆನ್ನಾಗಿ ಬೆಳೆದವು. ಗಂಟಲಿನ ಶಕ್ತಿ ಮೈಯ ಒಟ್ಟು ಆರೋಗ್ಯದ ಸಾಕ್ಷಿಯಾಗಿದ್ದೀತು ಎಂಬುದಕ್ಕೆ ಇದು ಬಲವಾದ ಆಧಾರ.

ಈಗ ಮಗನ ಮೊಬೈಲಿಗೆ ಬರೋಣ. ಒಂದಡಿ ದೂರದಿಂದ ಪೂರ್ತಿ ದನಿಯಲ್ಲಿ ಬಂದ ಆ ಕೂಗು, ಕಪ್ಪೆಯ ಅಳತೆಪಟ್ಟಿಯಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಗಡಿಯೊಳಗೆ ಪ್ರತ್ಯಕ್ಷನಾದ ಎದುರಾಳಿ. ಹಾರಿ ಎರಗಿದ್ದು ಸಹಜ. ಅದು ಎಷ್ಟು ಬೆದರಿಸಿದರೂ ಮೊಬೈಲು ಸೋತು ಹಿಂದೆ ಸರಿಯುವುದಿಲ್ಲ. ಒಮ್ಮೆ ಹೀಗೆ ಮಾಡಿದ್ದರಿಂದ ಏನೂ ಆಗಿಲ್ಲ, ಹುಡುಗನನ್ನು ಗದರಿಸಬೇಡಿ. ದಿನವೂ ಮಾಡಿದರೆ ಕಪ್ಪೆ ಹೆಣ್ಣಿಗಾಗಿ ಕೂಡಿಟ್ಟ ಶಕ್ತಿಯನ್ನು ಇಲ್ಲದ ಎದುರಾಳಿಗೆ ಸುರಿಯುತ್ತದೆ, ಅಥವಾ ಒಳ್ಳೆಯ ಜಾಗವನ್ನೇ ಬಿಟ್ಟುಹೋಗುತ್ತದೆ. ಪ್ರವಾಸಿಗರಿಗೆ ಕಪ್ಪೆ ತೋರಿಸಲು ರಾತ್ರಿಯಿಡೀ ಇದೇ ಉಪಾಯ ಬಳಸುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಧ್ವನಿಮುದ್ರಿಸುವುದು ಬೇರೆ ಮಾತು, ಅದರಲ್ಲಿ ತೊಂದರೆಯಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು 1990ರ ದಶಕದಲ್ಲೇ ನಮ್ಮ ಕಪ್ಪೆಗಳ ಕೂಗನ್ನು ಹೀಗೆ ಹಿಡಿದು ವಿಶ್ಲೇಷಿಸತೊಡಗಿದ್ದರು. ಮಗ ಮೊಬೈಲನ್ನು ತೊಟ್ಟಿಯಿಂದ ಮೂರು ನಾಲ್ಕು ಅಡಿ ದೂರ ಇಟ್ಟು, ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಂಡು, ಯಾವ ಕೂಗಿನ ಹೊತ್ತಿಗೆ ಯಾರು ಎಲ್ಲಿದ್ದರು ಎಂದು ಬರೆದಿಟ್ಟುಕೊಳ್ಳಲಿ. ದಿನಾಂಕ, ಮಳೆ, ಚಳಿ ಇವನ್ನೂ ಬರೆಯಲಿ. ಕಪ್ಪೆ ತಣ್ಣನೆ ರಕ್ತದ ಪ್ರಾಣಿಯಾದ್ದರಿಂದ ಸೆಕೆಯ ರಾತ್ರಿ ಅದರ ಸ್ವರಗಳು ವೇಗವಾಗುತ್ತವೆ, ಥಂಡಿಯಲ್ಲಿ ನಿಧಾನವಾಗುತ್ತವೆ; ಬೂದು ಮರಗಪ್ಪೆಯ ಹೆಣ್ಣಿನ ಆಯ್ಕೆಯೂ ಆ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ.

ನಿದ್ದೆಯ ಸಮಸ್ಯೆಗೆ ಪರಿಹಾರ ಬಹುಮಟ್ಟಿಗೆ ತೊಟ್ಟಿಯಲ್ಲೇ ಇದೆ ಎಂಬುದು ನನ್ನ ಅನುಮಾನ. ಅರ್ಧ ತುಂಬಿದ ಸಿಮೆಂಟಿನ ತೊಟ್ಟಿಯ ಒಳಗೋಡೆ ಎಂದರೆ ಗಾಯಕನಿಗೆ ಸಿಕ್ಕ ತಂಬೂರಿಯ ಬುರುಡೆ. ತೈವಾನಿನಲ್ಲಿ ಒಂದು ಮರಗಪ್ಪೆ ನಗರದ ಕಾಂಕ್ರೀಟ್ ಚರಂಡಿಗಳೊಳಗೆ ಕುಳಿತು ಕೂಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿಂದ ಬರುವ ಕೂಗು ಹೊರಗಿನದಕ್ಕಿಂತ ಜೋರು ಮತ್ತು ಉದ್ದ. ಬೋರ್ನಿಯೊ ದ್ವೀಪದ ಇನ್ನೊಂದು ಪುಟ್ಟ ಕಪ್ಪೆ ಮರದ ಪೊಟರೆಯಲ್ಲಿ ಎಷ್ಟು ನೀರಿದೆಯೋ ಅದಕ್ಕೆ ತಕ್ಕಂತೆ ತನ್ನ ಸ್ವರವನ್ನು ಹೊಂದಿಸಿಕೊಂಡು ಪೊಟರೆಯನ್ನೇ ಮೊಳಗಿಸುತ್ತದೆ. ನಿಮ್ಮ ಕಪ್ಪೆಗಳಿಗೆ ಅಷ್ಟು ಜಾಣತನ ಇದೆಯೋ ಇಲ್ಲವೋ, ತೊಟ್ಟಿಯಂತೂ ತನ್ನ ಕೆಲಸ ಮಾಡುತ್ತಿರುತ್ತದೆ. ನೀರನ್ನು ಕಂಠದವರೆಗೆ ತುಂಬಿಟ್ಟರೆ ಒಳಗೋಡೆಯಲ್ಲಿ ಕೂರುವ ಜಾಗವೂ ಇಲ್ಲ, ಮೊಳಗುವ ಖಾಲಿಯೂ ಇಲ್ಲ. ಕಪ್ಪೆಗಳು ಅಂಚಿಗೋ ಪಕ್ಕದ ಗಿಡಕ್ಕೋ ಸರಿಯುತ್ತವೆ, ಸದ್ದು ಬಯಲಿಗೆ ಚದುರುತ್ತದೆ. ಆದರೆ ನೊರೆ ಈಗಾಗಲೇ ಅಂಟಿರುವುದರಿಂದ ಈಗ ಹಾಗೆ ಮಾಡಿದರೆ ಅದು ಮುಳುಗಿ ಮೊಟ್ಟೆಗಳು ಹಾಳಾಗುತ್ತವೆ. ಆ ನೊರೆ ಹೆಣ್ಣು ತನ್ನ ದ್ರವವನ್ನು ಹಿಂಗಾಲಿನಿಂದ ಕಡೆದು ಮಾಡಿದ ಗೂಡು, ಒಳಗೆ ನೂರಾರು ಮೊಟ್ಟೆಗಳಿರುತ್ತವೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ತಾವಾಗಿ ನೀರಿಗೆ ಉದುರುತ್ತವೆ. ಅಲ್ಲಿಯವರೆಗೆ ನೀರಿನ ಮಟ್ಟ ಹೀಗೆಯೇ ಇರಲಿ. ಕಾಯಲು ಸಾಧ್ಯವೇ ಇಲ್ಲದಿದ್ದರೆ ಅಡಿಕೆ ಹಾಳೆಯ ತುಂಡಿನಿಂದ ಮುದ್ದೆಯನ್ನು ಒಡೆಯದಂತೆ ಎಬ್ಬಿಸಿ, ನೆರಳಿನಲ್ಲಿಟ್ಟ ಮಳೆನೀರಿನ ಅಗಲವಾದ ಪಾತ್ರೆಯ ಮೇಲೆ ಅದೇ ಹಾಳೆಯಲ್ಲಿ ಇಳಿಜಾರಾಗಿ ಇಡಬಹುದು. ಒಣಗುವುದು, ಇರುವೆ ಮುತ್ತುವುದು ಇದರ ಅಪಾಯಗಳು. ನನ್ನ ಕೈಯಲ್ಲೂ ಇದು ಪ್ರತಿ ಬಾರಿ ಫಲಿಸಿಲ್ಲ.

ಮುಂದಿನ ವರ್ಷಕ್ಕಾದರೆ ಮೇ ಕೊನೆಯಲ್ಲೇ ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿದು, ಮನೆಯಿಂದ ಒಂದಿಷ್ಟು ದೂರದಲ್ಲಿ, ಗಿಡದ ಕೊಂಬೆ ಬಾಗಿರುವ ಕಡೆ ಒಂದು ಹಳೆಯ ದೋಣಿಯನ್ನೋ ಕಲ್ಲುಮರಿಗೆಯನ್ನೋ ಮಳೆನೀರಿಗೆ ಇಟ್ಟುಬಿಡಿ. ಬಲೆಯ ಕಣ್ಣು ದೊಡ್ಡದಾದರೆ ಕಪ್ಪೆ ತೂರಿ ಒಳಗೆ ಸಿಕ್ಕಿಬೀಳುತ್ತದೆ, ಅದನ್ನು ನೋಡಿಕೊಳ್ಳಬೇಕು. ಬಚ್ಚಲ ಹಿಂದಿನ ದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಆರಿಸಿ. ದೀಪಕ್ಕೆ ಮುತ್ತುವ ಹುಳಗಳೇ ಈ ಕಪ್ಪೆಗಳನ್ನು ಮನೆಯ ಕಡೆ ಸೆಳೆಯುವ ಒಂದು ಕಾರಣ.

ಹಿಡಿದು ದೂರ ಬಿಡುವುದರಿಂದ ಪ್ರಯೋಜನವಿಲ್ಲ. ಖಾಲಿಯಾದ ಜಾಗಕ್ಕೆ ಆ ಮೌನದ ಮೂರನೆಯವನು ಅಂದೇ ರಾತ್ರಿ ಏರಬಹುದು. ಜೊತೆಗೆ, ಕಪ್ಪೆಗಳ ಚರ್ಮಕ್ಕೆ ತಗುಲುವ ಕೈಟ್ರಿಡ್ ಎಂಬ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒಂದೆಡೆಯ ಕಪ್ಪೆಯನ್ನು ಇನ್ನೊಂದೆಡೆಗೆ ಸಾಗಿಸುವುದು ಅಂಥ ರೋಗಗಳಿಗೆ ದಾರಿ. ಉಪ್ಪು, ಫಿನಾಯಿಲ್, ಸೀಮೆಎಣ್ಣೆಗಳ ಬಗ್ಗೆ ನನ್ನ ಉತ್ತರ ಒಂದೇ: ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ. ಉಪ್ಪು ಬಿದ್ದರೆ ಅದು ಓಡಿಹೋಗುವುದಿಲ್ಲ, ನರಳಿ ಸಾಯುತ್ತದೆ, ನಿಮ್ಮ ತೊಟ್ಟಿಯ ನೀರೂ ಕೆಡುತ್ತದೆ. ಇನ್ನೊಂದು ವಿಷವನ್ನು ಪಕ್ಕದ ತೋಟದವರು ಹೇಳಲಿಲ್ಲ, ಏಕೆಂದರೆ ಅದನ್ನು ನಾವ್ಯಾರೂ ವಿಷವೆಂದು ಎಣಿಸುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಈ ತೊಟ್ಟಿಯ ಪಕ್ಕದಲ್ಲಿ ಕಲಸುವ ರೂಢಿ ನಿಮ್ಮಲ್ಲಿದ್ದರೆ ಜಾಗ ಬದಲಿಸಿ. ಅದಕ್ಕೆ ಬೆರೆಸುವ ಮೈಲುತುತ್ತದಲ್ಲಿರುವ ತಾಮ್ರ ಗೊದಮೊಟ್ಟೆಗಳಿಗೆ ಅತಿ ಅಲ್ಪ ಪ್ರಮಾಣದಲ್ಲೇ ಮಾರಕ, ಬಕೆಟ್ ತೊಳೆದ ನೀರು ಸೇರಿದರೂ ಸಾಕು.

ಆರೋಗ್ಯದ ದೃಷ್ಟಿಯಿಂದ ಈ ಕಪ್ಪೆ ವಿಷಕಾರಿಯಲ್ಲ. ಆದರೂ ಮುಟ್ಟಿದ ಕೈಯಿಂದ ಕಣ್ಣು ಉಜ್ಜಬಾರದು, ಸೋಪಿನಿಂದ ತೊಳೆಯಬೇಕು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಕಪ್ಪೆಯ ಹಿಕ್ಕೆಯಲ್ಲಿರಬಹುದು, ಆದ್ದರಿಂದ ಈ ತೊಟ್ಟಿಯ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ತೊಳೆಯಲು, ಗಿಡಕ್ಕೆ ಹಾಕಲು ಅಡ್ಡಿಯಿಲ್ಲ. ಗೊದಮೊಟ್ಟೆಗಳಿರುವಾಗ ಬ್ಲೀಚಿಂಗ್ ಪುಡಿ ಹಾಕಬೇಡಿ.

ಇದೆಲ್ಲ ಮಾಡಿದರೂ ಮೊದಲ ಕೆಲವು ವಾರ ಸದ್ದು ಪೂರ್ತಿ ನಿಲ್ಲುವುದಿಲ್ಲ. ಮಳೆ ಜೋರಾಗಿ ಹಂಚಿನ ಮೇಲೆ ಸುರಿಯುವ ರಾತ್ರಿ ನಿಮಗೇ ಕೇಳಿಸದು. ಹೊಳವಾದ ರಾತ್ರಿಗಳಲ್ಲಿ ಹಾಸಿಗೆಯನ್ನು ಮನೆಯ ಮುಂಭಾಗದ ಕೋಣೆಗೆ ಬದಲಿಸಿಕೊಳ್ಳುವುದೇ ಸುಲಭ. ಮಗ ಬರೆದಿಡುವ ಪುಸ್ತಕದಲ್ಲಿ ಒಂದು ಅಂಕಣ ಮೌನಕ್ಕೂ ಇರಲಿ. ಉಳಿದವು ಕೂಗುತ್ತಿರುವಾಗಲೇ ತೊಟ್ಟಿಯ ಒಂದು ಮೂಲೆಯ ದನಿ ಮಾತ್ರ, ಕರಕರ ಸದ್ದೂ ಇಲ್ಲದೆ, ಥಟ್ಟನೆ ನಿಂತುಹೋದರೆ ಅವನು ಗಂಟೆ ನೋಡಿ ಬರೆದುಕೊಳ್ಳಲಿ, ಟಾರ್ಚ್ ಹಾಕದಿರಲಿ. ಬೆಳಿಗ್ಗೆ ಆ ಮೂಲೆಯ ಗೋಡೆಯಲ್ಲಿ ಹೊಸ ನೊರೆ ಇದೆಯೇ ಎಂದು ನೋಡಿ ನನಗೆ ತಿಳಿಸಿ.